ಮುರಕಲ್ಲಿನ ಮೇಲೆ ಗುರುತು ಉಳಿಯುವುದಿಲ್ಲ

ಸೈಕಲಿಗೆ ಯಾವ ಟಯರ್ ಹಾಕುವುದು ಎಂಬ ವಿಷಯದಲ್ಲಿ ಆ ಶುಕ್ರವಾರ ಸಂಜೆ ತೃಷಾ ಮತ್ತು ಲತೀಶ್ ಅಂಗಡಿಯೊಳಗೆ ಹೆಚ್ಚುಕಡಿಮೆ ಜಗಳಕ್ಕೇ ನಿಂತಿದ್ದರು. ಬದಿಯಡ್ಕ ಪೇಟೆಯಲ್ಲಿ ಗೇರ್ ಸೈಕಲ್ ಬಿಚ್ಚಿ ಜೋಡಿಸಲು ತಿಳಿದವನು ಲತೀಶ್ ಒಬ್ಬನೇ. ಅವನೂ ಸೈಕಲಿನಲ್ಲಿ ಗುಡ್ಡ ಹತ್ತಿ ಇಳಿಯುವವನಾದ್ದರಿಂದ ಟಯರಿನ ಮಾತು ಬಂತೆಂದರೆ ಬೇರೆ ಗಿರಾಕಿಗಳನ್ನು ಮರೆತೇಬಿಡುತ್ತಿದ್ದ.

“ಇದು ಆಟಿ ತಿಂಗಳ ಮಳೆಗಾಲ ಮಾರಾಯ್ತಿ. ಕೆಳಗೆ ಪೂರಾ ಕೆಸರು,” ಎಂದ ಅವನು, ಹೊಸ ಟಯರನ್ನು ಅವಳ ಮುಖದ ಮುಂದೆ ತಿರುಗಿಸುತ್ತ. “ಇದರ ಹಲ್ಲು ನೋಡು, ಎಷ್ಟು ಸಣ್ಣ, ಎಷ್ಟು ಹತ್ತಿರ ಹತ್ತಿರ. ಒಮ್ಮೆ ಕೆಸರು ತುಂಬಿದ್ರೆ ಮತ್ತೆ ಬಿಡುವುದಿಲ್ಲ. ಹಲ್ಲು ಇದ್ದೂ ಇಲ್ಲದ ಹಾಗೆ.”

“ಕೆಸರು ತೋಡಿನ ನೀರಿನ ಬದಿ ಮಾತ್ರ ಲತೀಶಣ್ಣ. ಮೇಲೆ ಗುಡ್ಡದ ನೆತ್ತಿಯ ಪದವಿನಲ್ಲಿ ಎಲ್ಲ ಕಲ್ಲೇ ಅಲ್ವಾ? ಅಲ್ಲಿ ಈ ಹಳೆ ಟಯರಿನ ಉದ್ದ ಹಲ್ಲು ಎಂತಕ್ಕೆ? ಮರಗಾಲು ಕಟ್ಟಿ ಓಡಿದ ಹಾಗೆ ಆಗ್ತದೆ.”

“ಅದು ಹೌದು.” ಲತೀಶ್ ತಲೆ ಕೆರೆದುಕೊಂಡ. “ಆದ್ರೆ ಇದು ಗಟ್ಟಿ ರಬ್ಬರ್. ಒಣಗಿದ ಕಲ್ಲಿನ ಮೇಲೆ ಬಾಣದ ಹಾಗೆ ಹೋಗ್ತದೆ. ಒದ್ದೆ ಕಲ್ಲಿಗೆ ಮೆತ್ತಗಿನ ರಬ್ಬರ್ ಬೇಕು, ಗಾಳಿಯೂ ಕಡಿಮೆ ಬೇಕು. ಎಲ್ಲದಕ್ಕೂ ಆಗುವ ಟಯರ್ ಅಂತ ಯಾರೂ ಮಾಡ್ಲಿಲ್ಲ ಇನ್ನೂ. ಒಂದು ಕಡೆ ಸಿಕ್ಕಿದ್ದು ಇನ್ನೊಂದು ಕಡೆ ಹೋಗ್ತದೆ.”

“ವಯನಾಡಿನಲ್ಲಿ ಗಟ್ಟಿ ನೆಲ. ನನಗೆ ಬೇಕಾದ್ದು ಅಲ್ಲಿಗೆ. ಇಲ್ಲಿ ಅಭ್ಯಾಸ ಆಗದಿದ್ದರೆ ಅಲ್ಲಿ ಹೋಗಿ ಎಂತ ಮಾಡುವುದು?”

ಓಣಂ ರಜೆ ಕಳೆದ ಮೇಲೆ ವಯನಾಡಿನಲ್ಲಿ ಗುಡ್ಡದ ಸೈಕಲ್ ಓಟದ ಆಯ್ಕೆ ನಡೆಯುವುದಿತ್ತು. ಕಾಸರಗೋಡಿನಲ್ಲಿ ಡಿಗ್ರಿ ಓದುತ್ತಿದ್ದ ತೃಷಾ ಇಡೀ ವರ್ಷ ಅದೊಂದೇ ಧ್ಯಾನದಲ್ಲಿದ್ದಳು.

ಅಂಗಡಿಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದವಳು ಅವಳ ಅತ್ತಿಗೆ ಮೋಕ್ಷಿತಾ. ಪೇಟೆಯ ಶಾಲೆಯೊಂದರಲ್ಲಿ ಗಣಿತದ ಟೀಚರು. ಗಂಡ ವಿಜೇತ್ ಶಾರ್ಜಾದಲ್ಲಿದ್ದ. ಮದುವೆಯಾಗಿ ಬಂದ ಹೊಸತರಲ್ಲಿ ನಾದಿನಿಯೊಡನೆ ಬೇರೆ ಯಾವ ಮಾತೂ ಹೊಂದದೆ, ಅವಳ ಹಳೆಯ ಸೈಕಲ್ ಹತ್ತಿ ಹಿಂದೆ ಹೋಗಿದ್ದಳು. ಆಮೇಲೆ ಅದೇ ಅಭ್ಯಾಸವಾಯಿತು. ಆದರೆ ಭಯ ಮಾತ್ರ ಹೋಗಲಿಲ್ಲ. ಇಳಿಜಾರು ಕಂಡರೆ ಅವಳ ಬೆರಳುಗಳು ಬ್ರೇಕಿಗೆ ಅಂಟಿಕೊಳ್ಳುತ್ತಿದ್ದವು. “ನಮ್ಮ ಅತ್ತಿಗೆ ಬ್ರೇಕ್ ಹಿಡಿದುಕೊಂಡೇ ಹುಟ್ಟಿದ್ದು,” ಎಂದು ತೃಷಾ ಎಲ್ಲರೆದುರು ನಗುತ್ತಿದ್ದಳು.

“ಪಾಚಿ ಇದ್ದರೆ ಜಾರುವುದಿಲ್ವಾ?” ಎಂದು ಮೋಕ್ಷಿತಾ ಕೇಳಿದಳು.

“ಎರಡು ದಿನ ಬಿಸಿಲು ಬಿದ್ರೆ ಪದವು ಒಣಗ್ತದೆ ಅತ್ತಿಗೆ. ಇವತ್ತು ನೋಡಿ, ಮಳೆಯೇ ಇಲ್ಲ.”

ಲತೀಶ್ ತಲೆಯಾಡಿಸುತ್ತ ಪಾನಾ ಎತ್ತಿಕೊಂಡ. ಹೊಸ ಟಯರುಗಳು ತೃಷಾಳ ಸೈಕಲಿಗೆ ಬಂದವು. ಕಳಚಿದ ಹಳೆಯ ಜೋಡಿ, ಉದ್ದ ಹಲ್ಲಿನ ಕೆಸರಿನ ಟಯರುಗಳು, ಇನ್ನೂ ಚೆನ್ನಾಗಿವೆ ಎಂದು ಮೋಕ್ಷಿತಾಳ ಸೈಕಲಿಗೆ ಹೋದವು. ಹೊಸ ಟಯರಿನ ನಡುವೆ ಬಾಣದ ತಲೆಯಂಥ ಸಣ್ಣ ಗುರುತುಗಳು ಸಾಲಾಗಿ ಇದ್ದವು. ಮನೆಗೆ ಬರುವಾಗ ಹಿಂದಿನಿಂದ ಬರುತ್ತಿದ್ದ ಮೋಕ್ಷಿತಾ, ಒದ್ದೆ ಮಣ್ಣಿನಲ್ಲಿ ಆ ಬಾಣಗಳು ಒಂದರ ಹಿಂದೆ ಒಂದು ಬೀಳುವುದನ್ನು ದಾರಿಯುದ್ದಕ್ಕೂ ನೋಡುತ್ತ ಬಂದಳು.

ಶನಿವಾರವೂ ಬಿಸಿಲಿತ್ತು. ಅತ್ತೆ ತುಂಗಾ ಕುಂಬಳೆಯಲ್ಲಿದ್ದ ತಂಗಿಗೆ ಹುಷಾರಿಲ್ಲವೆಂದು ಹೊರಟು, ಬಸ್ಸಿಗೆ ಕಾಯುವಾಗ, “ಇವಳು ನಾನು ಹೇಳಿದ್ದು ಕೇಳುವುದಿಲ್ಲ. ನೀನು ಸ್ವಲ್ಪ ನೋಡ್ಕೊ,” ಎಂದು ಸೊಸೆಗೆ ಹೇಳಿ ಹೋದರು.

ಭಾನುವಾರ ಬೆಳಿಗ್ಗೆ ಮೋಕ್ಷಿತಾ ನೀರುದೋಸೆಗೆ ಕಾವಲಿ ಇಡುತ್ತಿದ್ದಾಗ ತೃಷಾ ಕಿತ್ತಳೆ ಬಣ್ಣದ ಹೆಲ್ಮೆಟ್ ತೊಟ್ಟು ಅಂಗಳಕ್ಕಿಳಿದಿದ್ದಳು.

“ಪದವಿಗೆ ಹೋಗಿ, ಆಚೆ ಗೇರು ತೋಪಿನಲ್ಲಿ ಇಳಿದು ಬರ್ತೇನೆ. ದೋಸೆ ಮುಚ್ಚಿಡಿ ಅತ್ತಿಗೆ.”

“ಒಬ್ಬಳೇ ಬೇಡ. ನಿಲ್ಲು, ನಾನೂ ಬರ್ತೇನೆ.”

“ನೀವು ಬಂದ್ರೆ ಮಧ್ಯಾಹ್ನ ಆಗ್ತದೆ,” ಎಂದು ನಗುತ್ತ ಅವಳು ಬೇಲಿ ದಾಟಿದಳು.

ಮೋಕ್ಷಿತಾ ದೋಸೆ ಹೊಯ್ದು ಮುಚ್ಚಿಟ್ಟಳು. ಬಟ್ಟೆ ಒಗೆದಳು. ಬಟ್ಟೆ ಹರವುವಾಗ ಮೊದಲ ಸಲ ಬೇಲಿಯ ಕಡೆ ನೋಡಿದಳು. ಆಮೇಲೆ ನೋಡುವುದನ್ನು ನಿಲ್ಲಿಸಲಾಗಲಿಲ್ಲ. ಆ ಸುತ್ತು ಮುಗಿಸಿ ಬರಲು ತೃಷಾಳಿಗೆ ಎಷ್ಟು ಹೊತ್ತು ಬೇಕು ಎಂಬುದು ಅವಳಿಗೆ ಗೊತ್ತಿತ್ತು; ಅದರ ಎರಡರಷ್ಟು ಕಳೆದಿತ್ತು. ಫೋನ್ ಮಾಡಿದರೆ ಮಲಯಾಳದ ಹೆಂಗಸಿನ ದನಿ, ‘ಪರಿಧಿಕ್ಕು ಪುರತ್ತಾಣು’ ಎಂದು, ವ್ಯಾಪ್ತಿಯ ಹೊರಗಿದ್ದಾಳೆಂದು, ಸಮಾಧಾನದಿಂದ ಹೇಳಿತು. ಪದವಿನ ಮೇಲೆ ರೇಂಜ್ ಸಿಗುವುದು ಅಪರೂಪ. ಅಷ್ಟಕ್ಕೆ ಹೆದರಬಾರದು ಎಂದುಕೊಂಡಳು. ಮುಚ್ಚಿಟ್ಟ ದೋಸೆಯ ಅಂಚು ಒಣಗಿ ಮೇಲೆದ್ದಿತ್ತು. ಪಡುವಣದಲ್ಲಿ ಬಾನು ಕಪ್ಪಾಗತೊಡಗಿತು.

ಅವಳು ಲತೀಶನಿಗೆ ಫೋನ್ ಮಾಡಿದಳು. ತೃಷಾ ಬೆಳಿಗ್ಗೆ ಪದವಿಗೆ ಹೋದದ್ದನ್ನು ಹೇಳಿದಳು.

“ಎಂತ ಆಯ್ತು ಅಕ್ಕ? ಇನ್ನೂ ಬರ್ಲಿಲ್ವಾ?” ಲತೀಶನ ದನಿ ಬದಲಾಯಿತು. “ಪಂಕ್ಚರ್ ಆಗಿ ನಡೆದುಕೊಂಡು ಬರ್ತಿರಬಹುದು. ಒಂದು ಕೆಲಸ ಮಾಡ್ತೇನೆ. ಹಿಲರಿಯ ಜೀಪು ಉಂಟು, ಅಡೂರು ರಸ್ತೆಯಿಂದ ಪದವಿಗೆ ಕಲ್ಲಿನ ಲಾರಿ ಹತ್ತುವ ದಾರಿ ಉಂಟಲ್ಲ, ಅಲ್ಲಿಂದ ಹತ್ತಿ ಬರ್ತೇವೆ. ನೀವು ಮನೆಯಲ್ಲೇ ಇರಿ.”

“ನನಗೆ ಇರ್ಲಿಕ್ಕೆ ಆಗುವುದಿಲ್ಲ ಲತೀಶಣ್ಣ. ಬಿದ್ದಿದ್ದರೆ ದಾರಿಯಲ್ಲಿ ಬಿದ್ದಿರಬೇಕು. ನಾನು ಅವಳು ಹೋದ ದಾರಿಯಲ್ಲೇ ಹೋಗ್ತೇನೆ.”

“ಹಾಗಾದ್ರೆ ಟಯರಿನ ಗಾಳಿ ಸ್ವಲ್ಪ ಬಿಡಿ. ಹೆಬ್ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗ್ಬೇಕು, ಅಷ್ಟು. ಪಂಪು ತಕ್ಕೊಳ್ಳಿ. ಮತ್ತೆ ಅಕ್ಕ, ಪದವಿನ ಮೇಲೆ ಕೋರೆಯ ಬದಿಗೆ ಹೋಗ್ಬೇಡಿ.”

ಕೋರೆ ಎಂಬ ಮಾತನ್ನು ಅವಳು ಅಷ್ಟು ಹೊತ್ತು ಮನಸ್ಸಿಗೆ ಬರಗೊಡದೆ ತಡೆದಿಟ್ಟುಕೊಂಡಿದ್ದಳು. ಮನೆ ಕಟ್ಟುವ ಕೆಂಪು ಮುರಕಲ್ಲನ್ನು ಕೊಯ್ದು ಕೊಯ್ದು ಬಿಟ್ಟುಹೋದ ದೊಡ್ಡ ಹೊಂಡ ಅದು. ಮಳೆಗಾಲದಲ್ಲಿ ನೀರು ನಿಲ್ಲುತ್ತಿತ್ತು. ಸುತ್ತ ಬೇಲಿಯಿರಲಿಲ್ಲ.

ಗಾಳಿ ಬಿಡುವಾಗ ವಾಲ್ವಿನ ಮುಚ್ಚಳ ಎಲ್ಲೋ ಉರುಳಿಹೋಯಿತು; ಅದನ್ನು ಹುಡುಕದೆ ಪಂಪು ತೆಗೆದುಕೊಂಡು ಹೊರಟಳು.

ಮನೆಯ ಹಿಂದಿನಿಂದ ತೋಡಿನವರೆಗೆ ಕೆಂಪು ಕೆಸರಿನ ದಾರಿ. ಬಾಣದ ಗುರುತುಗಳು ಅಲ್ಲಿ ಸ್ಪಷ್ಟವಾಗಿದ್ದವು. ಅವನ್ನು ಕಂಡಾಗ ಮೋಕ್ಷಿತಾಳಿಗೆ ಅಷ್ಟಿಷ್ಟು ಧೈರ್ಯ ಬಂತು, ತೃಷಾ ಮುಂದಿನ ತಿರುವಿನಲ್ಲೇ ಇದ್ದಾಳೆ ಎಂಬಂತೆ. ಅವಳ ಸ್ವಂತ ಟಯರುಗಳು ಕೆಸರನ್ನು ಕಚ್ಚಿ ಹಿಡಿದು, ತಿರುಗುವಾಗ ಹೆಂಟೆ ಹೆಂಟೆಯಾಗಿ ಹಿಂದಕ್ಕೆ ಎಸೆಯುತ್ತಿದ್ದವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದಿನ ಬಾಣಗಳು ಮಸುಕಾದವು. ಆಮೇಲೆ ಬರಿಯ ನುಣುಪಾದ ಪಟ್ಟಿ. ಲತೀಶ್ ಹೇಳಿದಂತೆಯೇ ಆಗಿತ್ತು. ಹಲ್ಲಿನ ಸಂದುಗಳಲ್ಲಿ ಕೆಸರು ತುಂಬಿಕೊಂಡಿತ್ತು. ತೋಡಿಗೆ ಹಾಕಿದ ಮರದ ಸಂಕದ ಹತ್ತಿರ ಆ ಪಟ್ಟಿ ಒಮ್ಮೆಗೇ ಅಡ್ಡ ಹೊರಳಿ, ಪಕ್ಕದಲ್ಲಿ ಶೂವಿನ ಆಳವಾದ ಗುರುತು ಬಿದ್ದಿತ್ತು. ತೃಷಾ ಇಲ್ಲಿಯೇ ಜಾರಿ, ಕಾಲೂರಿ, ಸಾವರಿಸಿಕೊಂಡು ಮುಂದೆ ಹೋಗಿದ್ದಳು.

ಇಲ್ಲಿಂದಲೇ ತಿರುಗಿ ಬರಬಾರದಿತ್ತೇ ಎಂದು ಮೋಕ್ಷಿತಾಳಿಗೆ ಅಳು ಬಂತು. ಸಂಕದ ಕೆಳಗೆ ತೋಡು ಕೆಂಪಾಗಿ ತುಂಬಿ ಹರಿಯುತ್ತಿತ್ತು. ಅವಳು ಸೈಕಲನ್ನು ಹೆಗಲಿಗೆ ಆನಿಸಿಕೊಂಡು, ನೀರನ್ನು ನೋಡದೆ ದಾಟಿದಳು.

ಆಮೇಲೆ ಅಕೇಶಿಯಾ ತೋಪಿನ ಏರು. ನೆಲದ ತುಂಬ ಕುಡುಗೋಲಿನಂತೆ ಬಾಗಿದ ಎಲೆಗಳು, ಮೇಲೆ ಒಣಗಿ ಕೆಳಗೆ ಕೊಳೆತು, ಒಂದರ ಮೇಲೊಂದು ಜಾರುತ್ತಿದ್ದವು. ಇಲ್ಲಿ ಬಾಣವೂ ಇಲ್ಲ, ಪಟ್ಟಿಯೂ ಇಲ್ಲ. ಅಲ್ಲಲ್ಲಿ ಎಲೆ ತಿರುವಿ ಒದ್ದೆಯ ಕಪ್ಪು ಬದಿ ಮೇಲೆ ಬಂದದ್ದನ್ನು ನೋಡಿ ದಾರಿ ಊಹಿಸಬೇಕಾಯಿತು. ಅವಳು ಸೈಕಲ್ ನೂಕುತ್ತ, ನಿಂತು ನಿಂತು ಕೂಗಿದಳು.

“ತೃಷಾ! ತೃಷಾ, ಓ!”

ತೋಪಿನೊಳಗೆ ಹಕ್ಕಿಯ ಸದ್ದೂ ಇರಲಿಲ್ಲ. ಪ್ರತಿ ಪೊದೆಯ ಹಿಂದೆ ಒಂದು ಕೈ, ಒಂದು ಶೂ ಕಂಡಂತಾಗುತ್ತಿತ್ತು. ಹತ್ತಿರ ಹೋದರೆ ಬಿದ್ದ ಕೊಂಬೆ, ಯಾರೋ ಎಸೆದ ಗೊಬ್ಬರದ ಚೀಲ. ಪ್ರತಿ ಸಲವೂ ಅದು ತೃಷಾ ಅಲ್ಲವೆಂದು ಎದೆ ಹಗುರಾಗಿ, ಮರುಕ್ಷಣ ಹಾಗಾದರೆ ಅವಳೆಲ್ಲಿ ಎಂದು ಇನ್ನಷ್ಟು ಬಿಗಿಯುತ್ತಿತ್ತು.

ತೋಪು ಮುಗಿದು ಪದವು ತೆರೆದುಕೊಂಡಾಗ ಗಾಳಿ ಎದುರಿನಿಂದ ಬಡಿಯಿತು. ಕಣ್ಣು ಹಾಯುವಷ್ಟು ದೂರ ಮರವಿಲ್ಲದ ಕಪ್ಪು ಕಲ್ಲಿನ ಬಯಲು. ಬಿಸಿಲಿಗೆ ಕಲ್ಲಿನ ಉಬ್ಬುಗಳು ಬೆಳ್ಳಗೆ ಒಣಗಿದ್ದವು. ತೃಷಾ ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ತಗ್ಗುಗಳಲ್ಲೆಲ್ಲ ನೀರು ಪಸೆಯಾಡುತ್ತಿತ್ತು. ಅಲ್ಲಿ ಪಾಚಿ ದಪ್ಪಗೆ, ಎಣ್ಣೆ ಬಳಿದಂತೆ ಮಿಂಚುತ್ತಿತ್ತು.

ಕಲ್ಲು ಯಾವ ಗುರುತನ್ನೂ ಹಿಡಿದಿಟ್ಟುಕೊಂಡಿರಲಿಲ್ಲ.

ಮೋಕ್ಷಿತಾ ಅಲ್ಲೇ ನಿಂತಳು. ಈಗ ಯಾವ ಕಡೆ? ಗೇರು ತೋಪಿನ ಕಡೆಗೆ ನೆಟ್ಟಗೆ ಹೋಗುವ ದಾರಿಯೊಂದಿತ್ತು. ಅದು ದೂರದವರೆಗೆ ಖಾಲಿಯಾಗಿ ಕಾಣುತ್ತಿತ್ತು. ಕಲ್ಲಿನ ಸಂದುಗಳಲ್ಲಿ ಆಟಿ ತಿಂಗಳ ನೀಲಿ ಹೂಗಳು ಚಾಪೆ ಹಾಸಿದಂತೆ ಅರಳಿದ್ದವು. ಅವಳು ಬಗ್ಗಿ ಬಗ್ಗಿ ನೋಡುತ್ತ ನಡೆದಳು. ಒಂದು ಕಡೆ ಹೂಗಳು ಒಂದೇ ಗೆರೆಯಲ್ಲಿ ಜಜ್ಜಿಹೋಗಿದ್ದವು. ಇನ್ನೊಂದು ಚಾಪೆಯಲ್ಲೂ ಹಾಗೆಯೇ. ಆ ಗೆರೆ ಗೇರು ತೋಪಿನ ದಾರಿಯಲ್ಲಿರಲಿಲ್ಲ. ಎಡಕ್ಕೆ ಹೊರಳಿ, ಇಳಿಜಾರಿನ ಕಡೆಗೆ ಹೋಗಿತ್ತು. ಇಳಿಜಾರಿನಲ್ಲಿ ವೇಗ ಸಿಗುತ್ತದೆ. ಹೊಸ ಟಯರು ಎಷ್ಟು ಓಡುತ್ತದೆಂದು ನೋಡುವ ಆಸೆಯಾಗಿರಬೇಕು.

ಕೋರೆ ಇದ್ದದ್ದು ಅದೇ ಕಡೆಯಲ್ಲಿ.

ಮೊದಲ ದಪ್ಪ ಹನಿಗಳು ಬಿದ್ದವು. ಮಳೆ ಸುರಿದರೆ ಹೂವಿನ ಗೆರೆಯೂ ಹೋಗುತ್ತದೆಂದು ಮೋಕ್ಷಿತಾ ಸೈಕಲ್ ಹತ್ತಿದಳು. ಕೆಸರಿನಲ್ಲಿ ಅಷ್ಟು ಗಟ್ಟಿಯಾಗಿ ನಿಂತಿದ್ದ ಟಯರುಗಳು ಕಲ್ಲಿನ ಮೇಲೆ ಅವಳನ್ನು ಹೊತ್ತು ಓಲಾಡತೊಡಗಿದವು. ಹಲ್ಲುಗಳ ತುದಿಯಷ್ಟೇ ನೆಲಕ್ಕೆ ತಾಗುತ್ತಿತ್ತು. ಪ್ರತಿ ತಿರುವಿನಲ್ಲೂ ಅವು ಮಡಚಿಕೊಂಡು, ಸೈಕಲ್ ತನ್ನಷ್ಟಕ್ಕೆ ಬದಿಗೆ ಸರಿಯುತ್ತಿತ್ತು. ಬ್ರೇಕ್ ಒತ್ತಬಾರದು, ಒತ್ತಿದರೆ ಹೋಯಿತು ಎಂದು ತೃಷಾ ಎಷ್ಟೋ ಸಲ ಹೇಳಿದ್ದಳು. ಮೋಕ್ಷಿತಾ ಒತ್ತಿದಳು. ಹಿಂದಿನ ಚಕ್ರ ಮುಂದಕ್ಕೆ ಬಂತು. ಅವಳು ಪಕ್ಕಕ್ಕೆ ಬಿದ್ದು, ಮೊಣಕಾಲು ಮುರಕಲ್ಲಿಗೆ ಉಜ್ಜಿ ಚರ್ಮ ಸುಲಿಯಿತು. ಏಳುವಾಗ ಎದುರಿನ ಪಾಚಿಯ ಮೇಲೆ ಒಂದು ಉದ್ದ ಗೀರು ಕಂಡಿತು. ಯಾರೋ ಹಲಗೆ ಎಳೆದಂತೆ ಪಾಚಿ ಕಿತ್ತು, ಒಳಗಿನ ಕೆಂಪು ಕಲ್ಲು ಬಯಲಾಗಿತ್ತು. ಗೀರು ನೇರವಾಗಿ ಕೆಳಗೆ ಹೋಗಿತ್ತು. ಎಲ್ಲಿಯೂ ತಿರುಗಿರಲಿಲ್ಲ. ಅದು ಮುಗಿದಲ್ಲಿ ನೆಲವೂ ಮುಗಿದಿತ್ತು.

ಅವಳು ಹೊಟ್ಟೆಯ ಮೇಲೆ ಮಲಗಿ ತೆವಳಿದಳು. ಅಂಚಿಗೆ ತಲುಪಿದ ಮೇಲೂ ತಲೆ ಮುಂದೆ ಚಾಚಲು ಧೈರ್ಯ ಬರಲಿಲ್ಲ. ನೋಡದಿರುವಷ್ಟು ಹೊತ್ತು ಏನೂ ಆಗಿಲ್ಲ ಎಂದು ಕಣ್ಣು ಮುಚ್ಚಿ ಮಲಗಿದ್ದಳು. ಬೆನ್ನ ಮೇಲೆ ಮಳೆ ಬೀಳುತ್ತಿತ್ತು. ಕಡೆಗೆ ಕಣ್ಣು ತೆರೆದಳು.

ಕೆಳಗೆ ಹಸಿರುಗಪ್ಪು ನೀರು. ನೀರಿನ ನಡುವೆ ಕಿತ್ತಳೆ ಬಣ್ಣದ ಹೆಲ್ಮೆಟ್ ಅಂಗಾತ ತೇಲುತ್ತಿತ್ತು.

ಮೋಕ್ಷಿತಾ ತೃಷಾಳ ಹೆಸರು ಹಿಡಿದು ಕೂಗಿದಳು. ಆಗ ಅವಳ ನೇರ ಕೆಳಗಿನಿಂದ ಸಣ್ಣ ದನಿಯೊಂದು ಕೇಳಿತು.

“ಅತ್ತಿಗೆ... ನೀವಾ?”

ಇನ್ನೂ ಮುಂದೆ ಬಗ್ಗಿದಾಗ ತೃಷಾ ಕಂಡಳು. ಕೋರೆಯ ಗೋಡೆಗೆ ಬೆನ್ನು ಒತ್ತಿ, ಎದೆಮಟ್ಟದ ನೀರಿನಲ್ಲಿ ನಿಂತಿದ್ದಳು. ಕಲ್ಲು ಕೊಯ್ಯುವಾಗ ಬಿಟ್ಟ ಮೆಟ್ಟಿಲೊಂದು ನೀರಿನ ಕೆಳಗೆ ಅವಳ ಕಾಲಿಗೆ ಸಿಕ್ಕಿತ್ತು. ಎಡಗೈ ಭುಜದಿಂದ ಜೋತುಬಿದ್ದಿತ್ತು. ತುಟಿ ನೀಲಿಗಟ್ಟಿತ್ತು. ಅಂಚಿನಿಂದ ಅವಳವರೆಗೆ ಎರಡಾಳು ಎತ್ತರ, ಗರಗಸದಿಂದ ಕೊಯ್ದ ನೆಟ್ಟಗಿನ ಗೋಡೆ.

“ತೃಷಾ! ಎಂತ ಆಗಿದೆ ನಿನಗೆ? ಎಲ್ಲಿ ನೋವು?”

“ಭುಜ ಹೋಗಿದೆ. ಬ್ಯಾಗು, ಫೋನು ಎಲ್ಲ ಸೈಕಲಿನೊಟ್ಟಿಗೆ ಕೆಳಗೆ ಹೋಯ್ತು. ಕೂಗಿ ಕೂಗಿ ಸಾಕಾಯ್ತು. ಯಾರಾದ್ರೂ ನೋಡಲಿ ಅಂತ ಹೆಲ್ಮೆಟ್ ನೀರಿಗೆ ಬಿಟ್ಟೆ.” ಅವಳ ಹಲ್ಲು ಕಟಕಟನೆ ಬಡಿಯುತ್ತಿತ್ತು. “ಅತ್ತಿಗೆ, ನೀರು ಏರ್ತಾ ಉಂಟು. ಕಾಲಿನ ಕೆಳಗೆ ಪಾಚಿ. ಜಾರ್ತಾ ಉಂಟು.”

ಪದವಿನ ನೀರೆಲ್ಲ ಒಟ್ಟಾಗಿ ಕೋರೆಯ ಅಂಚಿನಿಂದ ಹತ್ತಾರು ಕಡೆ ಧಾರೆಯಾಗಿ ಇಳಿಯತೊಡಗಿತ್ತು. ತೃಷಾಳಿಗೆ ಈಜು ಬರುವುದಿಲ್ಲ. ಮೋಕ್ಷಿತಾ ಫೋನ್ ತೆಗೆದು ನೋಡಿದಳು, ರೇಂಜ್ ಇಲ್ಲ. ಆಚೆ ದಡದಲ್ಲಿ, ಹಿಂದೆ ಲಾರಿಗಳು ಇಳಿಯುತ್ತಿದ್ದ ಇಳಿಜಾರು ನೀರಿನೊಳಗೆ ಮುಳುಗಿ ಹೋಗುವುದು ಕಾಣುತ್ತಿತ್ತು. ಅಲ್ಲಿಂದ ಹತ್ತಬಹುದು. ಆದರೆ ಅದಕ್ಕೂ ತೃಷಾಳಿಗೂ ನಡುವೆ ಆಳ ಎಷ್ಟೋ ತಿಳಿಯದ ನೀರು.

“ಲತೀಶಣ್ಣ ಜೀಪಿನಲ್ಲಿ ಬರ್ತಾ ಇದ್ದಾರೆ. ಈಗ ಬರ್ತಾರೆ. ಗೋಡೆ ಹಿಡ್ಕೊ.”

“ಹಿಡಿಯಲಿಕ್ಕೆ ಎಂತ ಉಂಟು ಇಲ್ಲಿ?” ಎಂದು ತೃಷಾ ಮೊದಲ ಸಲ ಅತ್ತಳು. ಇಷ್ಟು ವರ್ಷದಲ್ಲಿ ಅವಳು ಅಳುವುದನ್ನು ಮೋಕ್ಷಿತಾ ಕಂಡಿರಲಿಲ್ಲ. ಹೆದರುವುದು ತನ್ನ ಕೆಲಸ, ನಗುವುದು ಅವಳ ಕೆಲಸ ಎಂದು ಎಲ್ಲೋ ನಂಬಿಕೊಂಡಿದ್ದಳು.

ಹಗ್ಗವಿಲ್ಲ. ಶಾಲು ಕೂಡ ತಂದಿರಲಿಲ್ಲ. ಬಿದ್ದಿದ್ದ ಸೈಕಲಿನ ಕಡೆ ನೋಡಿದಳು. ಚಿಕ್ಕಂದಿನಲ್ಲಿ ಅಡೂರಿನ ತವರಿನಲ್ಲಿ, ಪಯಸ್ವಿನಿ ಹೊಳೆಯಲ್ಲಿ ಮಕ್ಕಳು ಲಾರಿಯ ಟ್ಯೂಬು ಹಾಕಿಕೊಂಡು ತೇಲುತ್ತಿದ್ದುದು ನೆನಪಾಯಿತು. ಸೈಕಲಿನ ಟ್ಯೂಬು ಒಬ್ಬರನ್ನು ಹೊರುತ್ತದೋ ಇಲ್ಲವೋ ಗೊತ್ತಿರಲಿಲ್ಲ. ತಲೆಯನ್ನಾದರೂ ನೀರಿನ ಮೇಲೆ ಇಟ್ಟೀತು.

ಅವಳು ಚಕ್ರ ಕಳಚಿದಳು. ಗಾಳಿ ಕಡಿಮೆಯಿದ್ದ ದೊಗಲೆ ಟಯರು ರಿಮ್ಮಿನಿಂದ ಕೈಯಲ್ಲೇ ಎದ್ದು ಬಂತು. ಉಗುರು ಸೀಳಿ ರಕ್ತ ಬಂದದ್ದು ಆಮೇಲೆ ಗೊತ್ತಾಯಿತು. ಎರಡೂ ಟ್ಯೂಬು ಹೊರಗೆಳೆದು, ತೋಳಿನಷ್ಟು ದಪ್ಪವಾಗುವವರೆಗೆ ಪಂಪು ಹೊಡೆದಳು. ಹೊಡೆಯುವಾಗ ಬಾಯಲ್ಲಿ ಏನೇನೋ ಹೇಳುತ್ತಿದ್ದಳು. ದೇವರ ಹೆಸರೋ, ಲತೀಶನ ಹೆಸರೋ ಅವಳಿಗೇ ತಿಳಿಯಲಿಲ್ಲ.

“ತೃಷಾ, ಇದನ್ನು ಎಸಿತೇನೆ. ತಲೆಯಿಂದ ಹಾಕಿಕೊಂಡು ಸರಿ ಇದ್ದ ಕೈ ಮೇಲೆ ತೆಗೆ. ಆಮೇಲೆ ಎಂಟರ ಹಾಗೆ ತಿರುವಿ ಇನ್ನೊಂದು ಸಲ ಹಾಕು. ಎದೆಗೆ ಬಿಗಿ ಆಗಬೇಕು.”

ಮೊದಲನೆಯದು ಗೋಡೆಗೆ ತಾಗಿ ದೂರ ಬಿತ್ತು. ತೃಷಾ ಕೈ ಚಾಚಿದಳು, ಕಾಲು ಜಾರಿತು, ತಲೆ ನೀರಿನೊಳಗೆ ಹೋಯಿತು. ಮೋಕ್ಷಿತಾ ಕಿರುಚಿದಳು. ತಲೆ ಮತ್ತೆ ಮೇಲೆ ಬಂತು, ಕೆಮ್ಮುತ್ತ, ಉಗುಳುತ್ತ. ಟ್ಯೂಬು ಅವಳ ಕೈಯಲ್ಲಿತ್ತು; ಹೇಗೋ ತಲೆಯಿಂದ ತೂರಿಸಿ ಎದೆಗೆ ತಿರುವಿಕೊಂಡಳು.

ಇನ್ನು ಕಾಯಲಾಗಲಿಲ್ಲ. ಎರಡನೆಯ ಟ್ಯೂಬನ್ನು ಹೆಗಲಿಗೆ ಹಾಕಿಕೊಂಡು ಮೋಕ್ಷಿತಾ ಕೋರೆಯ ಅಂಚು ಸುತ್ತಿ ಓಡಿದಳು. ಓಡುವಾಗ ಒಮ್ಮೆ ಜಾರಿದಳು, ಎದ್ದಳು. ಇಳಿಜಾರಿನಲ್ಲಿ ನೀರಿಗೆ ಕಾಲಿಟ್ಟಾಗ ಅದರ ತಣುಪು ಎದೆಗೆ ಹೊಡೆದಂತಾಯಿತು. ಈಜದೆ ಹದಿನೈದು ವರ್ಷಗಳ ಮೇಲಾಗಿತ್ತು. ನೆಲ ಸ್ವಲ್ಪ ದೂರ ಕಾಲಿಗೆ ಸಿಗುತ್ತಿತ್ತು. ಆಮೇಲೆ ಒಮ್ಮೆಗೇ ಇಲ್ಲವಾಯಿತು. ಟ್ಯೂಬಿನ ಮೇಲೆ ಎದೆ ಇಟ್ಟು ಅವಳು ಕಾಲು ಬಡಿದಳು. ಕೆಳಗಿನಿಂದ ಏನೋ ಮೆತ್ತಗಿನದು ಪಾದಕ್ಕೆ ಸುತ್ತಿಕೊಂಡು ಬಿಟ್ಟಿತು. ಬಳ್ಳಿಯೋ, ಹಾವೋ, ಯೋಚಿಸಬಾರದು ಎಂದು ತೃಷಾಳ ಮುಖವನ್ನೇ ನೋಡುತ್ತ ಹೋದಳು. ಆ ಮುಖ ಹತ್ತಿರವಾಗುತ್ತಲೇ ಇರಲಿಲ್ಲ.

“ಬನ್ನಿ ಅತ್ತಿಗೆ... ಬನ್ನಿ...” ಎಂದು ತೃಷಾ ಪಿಸುಗುಟ್ಟುತ್ತಿದ್ದಳು.

ಕಡೆಗೆ ತಲುಪಿ ಅವಳ ಎದೆಯ ಟ್ಯೂಬಿಗೆ ಕೈ ಹಾಕಿದಳು. “ಈಗ ಮೆಟ್ಟಿಲು ಬಿಡಬೇಕು.”

“ಆಗುವುದಿಲ್ಲ.”

“ಅಂಗಾತ ಮಲಗು. ಬಾನು ನೋಡು. ನಾನು ಎಳಿತೇನೆ.”

“ನನಗೆ ಹೆದರಿಕೆ ಆಗ್ತದೆ ಅತ್ತಿಗೆ.”

“ನನಗೂ ಆಗ್ತದೆ. ಮಲಗು.”

ತೃಷಾ ಕಾಲು ತೆಗೆದಳು. ಟ್ಯೂಬು ಅವಳನ್ನು ಹಿಡಿದಿತ್ತು, ಅರೆಬರೆ. ಮುಖ ಮಾತ್ರ ಹೊರಗೆ. ನಡುನೀರಿನವರೆಗೆ ಎಲ್ಲ ಸರಿಯಾಗಿತ್ತು. ಅಲ್ಲಿ ಒಂದು ಅಲೆ ಮೂಗಿಗೆ ಹೊಡೆದದ್ದೇ ಅವಳು ಗಾಬರಿಯಾಗಿ ಹೊರಳಿ ಬಲಗೈಯಿಂದ ಮೋಕ್ಷಿತಾಳ ಕುತ್ತಿಗೆಯನ್ನು ತಬ್ಬಿದಳು. ಇಬ್ಬರೂ ಮುಳುಗಿದರು. ನೀರಿನೊಳಗೆ ಕತ್ತಲು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಇದೇ ಕೊನೆ ಎಂದು ಮೋಕ್ಷಿತಾಳಿಗೆ ಸ್ಪಷ್ಟವಾಗಿ ಅನಿಸಿತು. ಬೆರಳುಗಳನ್ನು ಒಂದೊಂದಾಗಿ ಕಿತ್ತು ಮೇಲೆ ಬಂದು, ಕ್ಲಾಸಿನಲ್ಲಿ ಎಂದೂ ಕೂಗದಷ್ಟು ಜೋರಾಗಿ ಕೂಗಿದಳು:

“ತೃಷಾ! ಕೈ ಬಿಡು! ಬಿಡು ಅಂದೆ!”

ಕೈ ಸಡಿಲವಾಯಿತು. ಮೋಕ್ಷಿತಾ ಅವಳ ಹಿಂದಕ್ಕೆ ಹೋಗಿ ಅಂಗಿಯ ಕಾಲರು ಹಿಡಿದು ಎಳೆದಳು. ಎಷ್ಟು ಹೊತ್ತು ಎಳೆದಳೋ. ಹಿಮ್ಮಡಿ ಜಲ್ಲಿಗೆ ತಾಗಿದಾಗ ಅದು ನೆಲ ಎಂದು ತಿಳಿಯದೆ ಇನ್ನೂ ಕಾಲು ಬಡಿಯುತ್ತಲೇ ಇದ್ದಳು.

ಲತೀಶ್ ಮತ್ತು ಜೀಪಿನ ಹಿಲರಿ ಹಗ್ಗ ಹಿಡಿದು ಇಳಿಜಾರಿನಲ್ಲಿ ಓಡಿಬಂದಾಗ ಇಬ್ಬರೂ ಅರ್ಧ ನೀರಿನಲ್ಲೇ ಬಿದ್ದಿದ್ದರು. ದಾರಿಗೆ ಅಡ್ಡ ಬಿದ್ದ ಮರ ಕಡಿದು ಬರುವಾಗ ತಡವಾಯಿತೆಂದು ಹಿಲರಿ ಮತ್ತೆ ಮತ್ತೆ ಹೇಳುತ್ತಿದ್ದ. ಲತೀಶ್ ತೃಷಾಳ ಎದೆಗೆ ಬಿಗಿದಿದ್ದ ಟ್ಯೂಬಿನ ಗಾಳಿ ಬಿಟ್ಟು ಮೆಲ್ಲಗೆ ಬಿಡಿಸಿದ. ತನ್ನ ಅಂಗಿ ತೆಗೆದು ಅವಳ ತೋಳನ್ನು ಕುತ್ತಿಗೆಗೆ ಕಟ್ಟಿದ.

ಕಾಸರಗೋಡಿನ ಆಸ್ಪತ್ರೆಯಲ್ಲಿ ಕೊರಳೆಲುಬು ಮುರಿದಿದೆ, ಭುಜ ಜಾರಿದೆ, ಬೇರೆ ಭಯವಿಲ್ಲ ಎಂದರು. ಕುಂಬಳೆಯಿಂದ ತುಂಗಾ ಬಂದಾಗ ಮೋಕ್ಷಿತಾ ವಾರ್ಡಿನ ಹೊರಗೆ, ಯಾರೋ ಕೊಟ್ಟ ಒಣ ಸೀರೆ ಸುತ್ತಿಕೊಂಡು ಕುಳಿತಿದ್ದಳು. ಅತ್ತೆಯ ಹೆಜ್ಜೆ ಕೇಳಿಯೇ ಎದ್ದು ನಿಂತಳು. ನೋಡ್ಕೊ ಎಂದು ಹೇಳಿಹೋದವರಿಗೆ ಏನು ಉತ್ತರ ಕೊಡುವುದು ಎಂದು ದಾರಿಯುದ್ದಕ್ಕೂ ಹೆದರಿದ್ದಳು.

“ಅತ್ತೆ, ನಾನು ಬೇಡ ಅಂದಿದ್ದೆ. ಅವಳು...”

“ಕೂತ್ಕೊ ನೀನು,” ಎಂದರು ತುಂಗಾ. ಸೊಸೆಯ ಸೀಳಿದ ಉಗುರುಗಳನ್ನು ನೋಡಿ ಆ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡರು. “ಏನಾದ್ರೂ ತಿಂದಿದ್ದೀಯಾ? ಬೆಳಿಗ್ಗೆಯಿಂದ ಏನೂ ತಿಂದಿರಲಿಕ್ಕಿಲ್ಲ.”

ಅಷ್ಟು ಹೊತ್ತು ಬಾರದ ನಡುಕ ಆಗ ಬಂತು. ತುಂಗಾ ಪಕ್ಕದಲ್ಲಿ ಕುಳಿತು ಎರಡೂ ಕೈಗಳಿಂದ ಅವಳನ್ನು ಒತ್ತಿ ಹಿಡಿದರೂ ಅದು ನಿಲ್ಲಲಿಲ್ಲ. ಶಾರ್ಜಾದಿಂದ ವಿಜೇತ್ ಫೋನ್ ಮಾಡಿದಾಗ ಅತ್ತೆಯೇ ಮಾತಾಡಿದರು.

ಆ ವರ್ಷದ ಆಯ್ಕೆ ತೃಷಾಳ ಕೈ ತಪ್ಪಿತು. ಲತೀಶ್ ಮತ್ತು ಊರಿನ ನಾಲ್ಕು ಜನ ಸೇರಿ ಕೋರೆಯ ಸುತ್ತ ಕಲ್ಲು ನೆಟ್ಟು ಸುಣ್ಣ ಬಳಿದರು. ಮೋಕ್ಷಿತಾ ಬಹಳ ದಿನ ನಿದ್ದೆಯಲ್ಲಿ ಕಿತ್ತಳೆ ಬಣ್ಣದ ಹೆಲ್ಮೆಟ್ ಕಂಡು ಬೆಚ್ಚಿ ಎದ್ದು, ಪಕ್ಕದ ಕೋಣೆಗೆ ಹೋಗಿ ತೃಷಾ ಉಸಿರಾಡುವುದನ್ನು ಕೇಳಿ ಬರುತ್ತಿದ್ದಳು. ಕೆಲವು ಸಲ ತೃಷಾ ಎಚ್ಚರವಾಗಿಯೇ ಇರುತ್ತಿದ್ದಳು. “ಇಲ್ಲೇ ಮಲಗಿ ಅತ್ತಿಗೆ,” ಎಂದು ಸರಿದು ಜಾಗ ಕೊಡುತ್ತಿದ್ದಳು.

ಮರುವರ್ಷ ತೃಷಾ ವಯನಾಡಿಗೆ ಹೋದಳು. ಹಿಂದಿನ ದಿನ ಅತ್ತಿಗೆಯನ್ನು ಕರೆದುಕೊಂಡು ಇಡೀ ದಾರಿ ನಡೆದು ನೋಡಿದಳು. ಎಲ್ಲಿ ನೆರಳು, ಎಲ್ಲಿ ಪಸೆ ಎಂದು ಪಾದದಿಂದ ಉಜ್ಜಿ ಉಜ್ಜಿ ನೋಡಿ, ಮುಂದಿನ ಚಕ್ರಕ್ಕೆ ಒಂದು ಬಗೆಯ ಟಯರು, ಹಿಂದಿನದಕ್ಕೆ ಇನ್ನೊಂದು ಬಗೆಯದು ಹಾಕಿಸಿದಳು. ಓಟದ ದಿನ ಮೋಕ್ಷಿತಾ ಕೊನೆಯ ಇಳಿಜಾರಿನ ಬುಡದಲ್ಲಿ ನಿಂತಿದ್ದಳು. ಮೇಲಿನಿಂದ ಸೈಕಲುಗಳು ಧಡಧಡನೆ ಇಳಿಯುವ ಸದ್ದು ಕೇಳತೊಡಗಿದ ಕೂಡಲೇ ಕಣ್ಣು ಮುಚ್ಚಿಕೊಂಡಳು. ಜನ ಕೂಗುತ್ತಿದ್ದರು. ಒಂದು ಹೋಯಿತು, ಇನ್ನೊಂದು ಹೋಯಿತು. ಕೆಸರು ಹಾರಿ ಸೀರೆಗೆ ಬಿತ್ತು. ಅವಳು ತೆರೆಯಲಿಲ್ಲ. ಬೆವರಿನಿಂದ ಒದ್ದೆಯಾದ ಕೈಯೊಂದು ಬಂದು ಮುಂಗೈ ಹಿಡಿದು, “ಬಂದೆ ಅತ್ತಿಗೆ,” ಎಂದ ಮೇಲೆಯೇ ಕಣ್ಣು ಬಿಟ್ಟಳು.